ಹವಾಲ್ದಾರ ಕಾಕಾನ ಬಾಯಲ್ಲಿ ಎರಡು ಭಾಷೆ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಗೋಕಾಕದ ಕಾಲೇಜೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ. ಗಂಡನ ಮನೆ ಹುಕ್ಕೇರಿ, ತವರು ಮೂಡಲಗಿ. ಹೆಸರಿನ ಹಿಂದೆ ಡಾಕ್ಟರ್ ಸೇರಿದರೆ ಕಾಲೇಜಿಗೂ ಶೋಭೆ ಎಂದು ಪ್ರಾಚಾರ್ಯರು ಪದೇ ಪದೇ ಹೇಳುತ್ತಿದ್ದುದರಿಂದ, ನಾನು ಎಂ.ಎ. ಓದಿದ್ದ ಪುಣೆಗೆ ಹೋಗಿ ಹಳೆಯ ಗುರುಗಳನ್ನು ಕಂಡೆ. ವಿಷಯವನ್ನು ಮನಸ್ಸಿನಲ್ಲಿ ಸಿದ್ಧಮಾಡಿಕೊಂಡೇ ಹೋಗಿದ್ದೆ. ನಮ್ಮ ಕಡೆಯ ಜೈನ ಮನೆಗಳಲ್ಲಿ ಕನ್ನಡ, ಮರಾಠಿ ಹೇಗೆ ಬೆರೆತಿವೆ ಎಂದು ಬರೆಯುವ ಆಸೆ ಇತ್ತು. ಅದಕ್ಕೆ ಎಲ್ಲಿಗೂ ಹೋಗಬೇಕಾಗಿರಲಿಲ್ಲ. ನಮ್ಮ ಅವ್ವ ಮಕ್ಕಳನ್ನು ಮುದ್ದಿಸುತ್ತಿದ್ದದ್ದು ಕನ್ನಡದಲ್ಲಿ, ಬೈಯುತ್ತಿದ್ದದ್ದು ಮರಾಠಿಯಲ್ಲಿ. ಅಪ್ಪ ಎತ್ತುಗಳ ಜೊತೆ ಕನ್ನಡ ಆಡಿ, ವ್ಯಾಪಾರಿಗಳು ಬಂದ ಕೂಡಲೇ ಮರಾಠಿಗೆ ಹೊರಳುತ್ತಿದ್ದ.

ಗುರುಗಳು ಪೂರ್ತಿ ಕೇಳಿಸಿಕೊಂಡು, "ಅದು ಬೇಡ" ಎಂದರು. "ನಿಮ್ಮ ಜಿಲ್ಲೆಯಲ್ಲಿ ಒಂದು ಶಬ್ದ ಯಾರದು ಎಂದು ಬರೆದರೆ ಎರಡೂ ಕಡೆಯವರು ವಿಚಾರಿಸಲು ನಿಮ್ಮ ಮನೆಗೆ ಬರುತ್ತಾರೆ. ಯಾರೂ ಜಗಳಕ್ಕೆ ಬರದ ಭಾಷೆ ಆರಿಸಿಕೊಳ್ಳಿ."

ಹಾಗೆ ನನಗೆ ಅರುಣಾಚಲದ ಪಶ್ಚಿಮ ಮೂಲೆ ಸಿಕ್ಕಿತು. ಅಲ್ಲಿಯ ಕಣಿವೆಗಳಲ್ಲಿ ಕೆಲವೇ ಊರುಗಳ ಜನ ಆಡುವ ನಾಲ್ಕಾರು ಪುಟ್ಟ ಭಾಷೆಗಳಿವೆ. ಚೀನೀ, ಟಿಬೆಟಿ, ಬರ್ಮೀ ಭಾಷೆಗಳೆಲ್ಲ ಸೇರಿದ ದೊಡ್ಡ ಮನೆತನಕ್ಕೆ ಇವೂ ಸೇರುತ್ತವೆ ಎನ್ನುವುದರಲ್ಲಿ ಯಾರಿಗೂ ಹೆಚ್ಚು ತಕರಾರಿಲ್ಲ. ಆದರೆ ಆ ಮನೆತನದ ಯಾವ ಕವಲಿಗೆ ಎಂದರೆ ಉತ್ತರವಿಲ್ಲ. ಇವು ಯಾವ ಕವಲಿಗೂ ಸೇರದೆ ತಾವೇ ಒಂದು ಸಣ್ಣ ಕವಲಾಗಿರಬಹುದು ಎಂಬುದು ಕೆಲವರ ಊಹೆ. ಹೌದೋ ಅಲ್ಲವೋ ನಾನು ಹೇಳಬೇಕಿತ್ತು. ಅಲ್ಲಿಯವರೆಗೆ ನಾನು ಹತ್ತಿದ್ದ ಅತಿ ಎತ್ತರದ ಜಾಗವೆಂದರೆ ಗೋಕಾಕದ ಜಲಪಾತದ ಪಕ್ಕದ ಗುಡ್ಡ.

ಅಲ್ಲಿಗೆ ಹೋಗುವ ಮಾತು ಒಂದೆರಡು ಸಲ ಬಂತು. ಪರವಾನಗಿ ಬೇಕು, ದಾರಿ ದೂರ, ಮಗಳಿಗೆ ಇನ್ನೂ ಮೂರು ವರ್ಷ, ಅತ್ತೆಗೆ ಮೊಣಕಾಲು ನೋವು. "ಶಬ್ದಪಟ್ಟಿಗಳಿಂದಲೇ ಮಾಡಿ" ಎಂದರು ಗುರುಗಳು. ಹೀಗೆ ಹಿಮಾಲಯದ ಭಾಷೆಗಳ ವರ್ಗೀಕರಣ ಹುಕ್ಕೇರಿಯ ನಮ್ಮ ನಡುಮನೆಯಲ್ಲಿ ಶುರುವಾಯಿತು.

ಕೆಲಸ ಹೇಳಲು ಸುಲಭ. ನೀರು, ಬೆಂಕಿ, ಕಣ್ಣು, ನಾಲಿಗೆ, ಹೇನು, ಬಾಲ, ಇಂಥ ನೂರು ಶಬ್ದಗಳನ್ನು ಯಾವ ಜನವೂ ಸುಲಭಕ್ಕೆ ಬೇರೆಯವರಿಂದ ಎರವಲು ತರುವುದಿಲ್ಲ ಎಂದು ನಂಬಿಕೆ. ಎರಡು ಭಾಷೆಗಳಲ್ಲಿ ಈ ಶಬ್ದಗಳು ಒಂದು ನಿಯಮದಂತೆ ಹೋಲಿದರೆ ಅವು ಒಡಹುಟ್ಟಿದವು. ಒಂದೊಂದು ಶಬ್ದಕ್ಕೆ ಒಂದೊಂದು ದಪ್ಪ ಕಾರ್ಡು ಬೇಕಿತ್ತು. ಲಗ್ನಪತ್ರಿಕೆಗಳ ಬೆನ್ನು ಖಾಲಿ ಇರುತ್ತದಲ್ಲ, ಅವನ್ನೇ ಕತ್ತರಿಸಿ ಸೀರೆಯ ಡಬ್ಬಿಗಳಲ್ಲಿ ಜೋಡಿಸತೊಡಗಿದೆ. ಒಂದು ಮಧ್ಯಾಹ್ನ ಅತ್ತೆ ಡಬ್ಬಿ ತೆರೆದು ನೋಡಿದರು.

"ಇಷ್ಟ ಮಂದೀ ಲಗ್ನ ಯಾವಾಗ ಆದುವು? ನಮಗೊಂದೂ ಊಟಾ ಸಿಗಲಿಲ್ಲಲ್ಲ!"

ನಾನು ಕೂತು ವಿವರಿಸಿದೆ. ಭಾಷೆಗಳಲ್ಲೂ ಅಕ್ಕತಂಗಿಯರಿರುತ್ತಾರೆ, ಮಾತುಗಳ ಹೋಲಿಕೆ ನೋಡಿ ಅವರನ್ನು ಗುರುತು ಹಿಡಿಯಬೇಕು ಎಂದೆ. ಅತ್ತೆ ಬಾಯಲ್ಲಿದ್ದ ಎಲೆ ಅಡಿಕೆ ಒಂದು ಕಡೆಗೆ ಸರಿಸಿಕೊಂಡರು.

"ಬಾಜೂ ಮನಿಯಾಕಿ ಮೂವತ್ತ ವರ್ಷದಿಂದ ನನ್ನಂಗ ಕೆಮ್ಮತಾಳ, ನನ್ನಂಗ ಬೈತಾಳ. ಈಗ ನಡಿಯೂದೂ ನನ್ನಂಗ ಆಗೇತಿ. ಹಂಗಂತ ಆಕಿ ನನ್ನ ತಂಗಿ ಆಗತಾಳೇನು?"

ನಕ್ಕುಬಿಟ್ಟೆ. ನನ್ನ ಶಾಸ್ತ್ರದ ಅತಿ ಕಠಿಣ ತೊಡಕು ಅದೇ ಎಂದು ಅವರಿಗೆ ಹೇಳಬೇಕಿತ್ತು. ಆಗ ಹೇಳಲಿಲ್ಲ.

ನಾನು ಹೋಲಿಸಬೇಕಾಗಿದ್ದ ಎರಡು ಮುಖ್ಯ ಭಾಷೆಗಳು ಬುಗುನ್ ಮತ್ತು ಶೆರ್ದುಕ್‌ಪೆನ್. ಅಲ್ಲಿ ಅವನ್ನು ಆಡುವವರು ಅಕ್ಕಪಕ್ಕದ ಊರಿನವರು. ಬುಗುನ್‌ಗೆ ಒಂದು ಹಳೆಯ ಪುಸ್ತಿಕೆ ಪುಣೆಯಲ್ಲಿ ಸಿಕ್ಕಿತು. ಶೆರ್ದುಕ್‌ಪೆನ್ ಕುರಿತ ಪುಸ್ತಕ ಗ್ರಂಥಾಲಯದ ಪಟ್ಟಿಯಲ್ಲಿತ್ತು, ಕಪಾಟಿನಲ್ಲಿರಲಿಲ್ಲ. ಎರಡು ವರ್ಷ ಹುಡುಕಿದೆ. ಕೊನೆಗೆ ದಾರಿ ತೋರಿಸಿದವರು ನನ್ನ ಗಂಡನ ಶಾಲೆಯ ಡ್ರಾಯಿಂಗ್ ಮಾಸ್ತರು. "ನಮ್ಮ ಕಾಕಾ ಒಬ್ಬಾಂವ ಯಮಕನಮರಡಿಯೊಳಗ ಅದಾನ್ರಿ. ರಸ್ತಾ ಕಟ್ಟೂ ಪಡೆಯೊಳಗ ಹವಾಲ್ದಾರ ಇದ್ದ. ನೀವು ಹೇಳೂ ಊರಾಗ ಲಾರಿ ಹೊಡದಾನ. ಈಗೂ ಸಿಟ್ಟ ಬಂದ್ರ ಅಲ್ಲೀ ಮಾತ ಆಡತಾನ."

ಮುಂದಿನ ರವಿವಾರವೇ ಟೇಪ್‌ರೆಕಾರ್ಡರ್ ಎತ್ತಿಕೊಂಡು ಯಮಕನಮರಡಿಗೆ ಹೋದೆ. ಹೆದ್ದಾರಿಯ ಪಕ್ಕ ತಗಡಿನ ಚಪ್ಪರ, ಅದರ ಕೆಳಗೆ ಟಾಯರುಗಳ ರಾಶಿ. ಹಿಂದೆಯೇ ಮನೆ. ಬಲಗಾಲು ತುಸು ಎಳೆಯುತ್ತ ಬಂದ ಎತ್ತರದ ಮುದುಕರನ್ನು ಊರೆಲ್ಲ ಹವಾಲ್ದಾರ ಕಾಕಾ ಎಂದೇ ಕರೆಯುತ್ತಿತ್ತು.

"ಬರ್ರಿ ಬಾಯಾರ, ಕುಂದರ್ರಿ. ಭಾಷಾ ಬರತೈತ್ರಿ ನನಗ. ಹನ್ನೊಂದ ವರ್ಷ ಅಲ್ಲೇ ಇದ್ದೇನಿ. ಖರೆ, ಅದನ್ನ ತಗೊಂಡ ನೀವು ಏನ ಮಾಡಾವ್ರು?"

"ಅದರ ಅಕ್ಕತಂಗೇರು ಯಾರು ಅಂತ ಹುಡುಕಾಕತ್ತೇನ್ರಿ ಕಾಕಾ."

"ಸಿಕ್ಕರ ಅವಕ್ಕ ತಿಳಸತೀರೇನು?"

ಅವರು ತಮಾಷೆ ಮಾಡಲಿಲ್ಲ, ನಿಜವಾಗಿಯೇ ಕೇಳಿದ್ದರು. ನಾನು ಕ್ಯಾಸೆಟ್ಟಿನ ಮೇಲೆ 'ಶೆರ್ದುಕ್‌ಪೆನ್, ಒಂದನೆಯದು' ಎಂದು ಬರೆದು ಗುಂಡಿ ಒತ್ತಿದೆ. ಅವರು ರೂಪಾ ಎಂಬ ಊರಿನ ಹೆಸರು ಹೇಳಿದ್ದರು, ಅದು ಶೆರ್ದುಕ್‌ಪೆನ್ನರ ಊರೆಂದು ನನಗೆ ಗೊತ್ತಿತ್ತು, ಅಷ್ಟೇ ಸಾಕೆನಿಸಿತು. ಇನ್ನೊಂದು ಪ್ರಶ್ನೆ ಕೇಳಬೇಕಿತ್ತು. ಕೇಳಲಿಲ್ಲ.

ಆರು ರವಿವಾರ ಹೋದೆ. ನೀರಿಗೆ ಅವರು 'ಖೋ' ಎಂದರು. ಚಹಾ ತಂದಿಟ್ಟ ಸೊಸೆ, "ಈ ವಯಸ್ಸಿನ್ಯಾಗ ಖೋಖೋ ಆಡತೀರೇನ್ರಿ ಮಾಮಾ?" ಎಂದು ನಕ್ಕಳು. ಬೆಂಕಿಗೆ ಬಕಾರದ ಒಂದು ಶಬ್ದ ಹೇಳಿದರು. ಹೇನು, ಬಾಲ, ಮೂಳೆ ಎಲ್ಲ ಬಂದವು. ಕಣ್ಣು ಎನ್ನುವಾಗ ಒಂದು ಟ್ರಕ್ಕು ಹಾರ್ನ್ ಹೊಡೆಯಿತು, ಮೂರು ಸಲ ಹೇಳಿಸಬೇಕಾಯಿತು. ಪಟ್ಟಿಯಲ್ಲಿ ಸ್ತನ ಎಂಬ ಶಬ್ದವೂ ಇದೆ. ಜಗತ್ತಿನ ವಿದ್ವಾಂಸರೆಲ್ಲ ಸೇರಿ ಅದನ್ನು ಅತ್ಯಗತ್ಯ ಶಬ್ದವೆಂದು ಒಪ್ಪಿದ್ದಾರೆ. ಆದರೆ ಅವರಾರೂ ಯಮಕನಮರಡಿಯಲ್ಲಿ ಸೊಸೆಯ ಎದುರು ಕೂತು ಮಾವನನ್ನು ಅದನ್ನು ಕೇಳಿದವರಲ್ಲ. ನಾನು ಪುಸ್ತಕ ನೋಡುತ್ತ ಕೇಳಿದೆ. ಕಾಕಾ ತಗಡು ನೋಡುತ್ತ ಹೇಳಿದರು, "ಅದು ನನಗ ಬರಂಗಿಲ್ರಿ ಬಾಯಾರ. ಮುಂದಿಂದ ಕೇಳ್ರಿ."

ಹುಕ್ಕೇರಿಗೆ ಬಂದು ಕಾರ್ಡುಗಳನ್ನು ಬುಗುನ್ ಪುಸ್ತಿಕೆಯ ಪಕ್ಕ ಇಟ್ಟು ನೋಡಿದೆ. ಅರ್ಧಕ್ಕಿಂತ ಹೆಚ್ಚು ಶಬ್ದಗಳು ಬಹುಮಟ್ಟಿಗೆ ಒಂದೇ. ದೂರದ ನೆಂಟಸ್ತಿಕೆ ಸಿಕ್ಕರೆ ಸಾಕೆಂದುಕೊಂಡಿದ್ದವಳಿಗೆ ಅವಳಿ ಮಕ್ಕಳೇ ಸಿಕ್ಕಂತಾಗಿತ್ತು. ಗುರುಗಳಿಗೆ ಬರೆದೆ. ಅವರು ಎಂದೂ ಮಾಡದ ಕೆಲಸ ಮಾಡಿದರು, ಎದುರು ಮನೆಯವರ ಫೋನಿಗೆ ಫೋನು ಮಾಡಿ ಅಭಿನಂದಿಸಿದರು. ಒಂದು ವಿಚಾರಸಂಕಿರಣದಲ್ಲಿ ಪ್ರಬಂಧ ಓದಿದೆ. ಇಬ್ಬರು ಹಿರಿಯರು ಎದ್ದು ನಿಂತು ಮೆಚ್ಚಿದರು. ಮಾಹಿತಿ ಎಲ್ಲಿಂದ ಬಂತು ಎಂದು ಒಬ್ಬರೂ ಕೇಳಲಿಲ್ಲ. ಪ್ರಬಂಧದಲ್ಲಿ 'ದೀರ್ಘಕಾಲ ಅಲ್ಲಿ ನೆಲೆಸಿದ್ದ ವಕ್ತೃವಿನಿಂದ ಸಂಗ್ರಹಿಸಿದ್ದು' ಎಂದು ಬರೆದಿದ್ದೆ. ಅದು ಸುಳ್ಳೇನೂ ಆಗಿರಲಿಲ್ಲ.

ಗೋಕಾಕದಲ್ಲಿ ಸುದ್ದಿ ನನಗಿಂತ ಮುಂಚೆ ತಲುಪಿತ್ತು. ಸ್ಥಳೀಯ ಪತ್ರಿಕೆಯೊಂದು 'ಚೀನೀ ಭಾಷೆಯ ಬೇರು ಪತ್ತೆ ಹಚ್ಚಿದ ಉಪನ್ಯಾಸಕಿ' ಎಂದು ಫೋಟೋ ಹಾಕಿತು. ಕಾಲೇಜಿನಲ್ಲಿ ಶಾಲು ಹೊದಿಸಿ ಕರದಂಟಿನ ಡಬ್ಬಿ ಕೊಟ್ಟರು. ಅತಿಥಿಯಾಗಿ ಬಂದಿದ್ದ ಹಿರಿಯರು, "ಇವತ್ತಲ್ಲ ನಾಳೆ ಚೀನಾದವರೂ ಕನ್ನಡದಿಂದನ ಬಂದಾರ ಅಂತ ನಮ್ಮ ಬಾಯಾರು ಸಿದ್ಧ ಮಾಡೂದು ಗ್ಯಾರಂಟಿ" ಎಂದರು. ಚಪ್ಪಾಳೆ ಜೋರಾಗಿತ್ತು. ನಾನು ತಿದ್ದಬೇಕಿತ್ತು. ಶಾಲು ಬೆಚ್ಚಗಿತ್ತು, ಸುಮ್ಮನೆ ಕೈ ಮುಗಿದೆ. ಮರುದಿನ ಕ್ಲಾಸಿನಲ್ಲಿ ಅಂಕಲಗಿಯ ಒಬ್ಬ ಹುಡುಗಿ ಎದ್ದಳು. "ಮೇಡಮ್ಮಾರ, ಅವ್ರ ಬೆಂಕಿನೂ ಬ ಅಂತ ಶುರು ಆಗತೈತಿ, ನಮ್ಮ ಬೆಂಕಿನೂ ಬ. ನಮ್ಮನ್ನೂ ಅದ್ರಾಗ ಸೇರಸ್ರಲ್ಲ!" ಒಂದೆರಡು ಶಬ್ದ ಆಕಸ್ಮಿಕವಾಗಿ ಹೋಲಬಹುದು, ಅಷ್ಟರಿಂದ ಏನನ್ನೂ ಹೇಳಬಾರದು ಎಂದು ನಾನು ಅವಳಿಗೆ ಗಂಭೀರವಾಗಿ ತಿಳಿಹೇಳಿದೆ.

ಅದಾಗಿ ಎರಡು ವರ್ಷಕ್ಕೆ ಅಪ್ಪನಿಗೆ ಹರ್ನಿಯಾ ಆಪರೇಷನ್ ಆಯಿತು. ಗೋಕಾಕದ ಒಂದು ಆಸ್ಪತ್ರೆಯಲ್ಲಿ ಹತ್ತು ದಿನ ಇದ್ದ. ಬೆಳಗಾವಿಯಿಂದ ನರ್ಸಿಂಗ್ ಕಲಿಯುವ ಹುಡುಗಿಯರು ಅಲ್ಲಿಗೆ ತರಬೇತಿಗೆ ಬಂದಿದ್ದರು. ಅವರಲ್ಲೊಬ್ಬಳು ಸಣ್ಣ ಕಣ್ಣಿನ, ದುಂಡು ಮುಖದ ಹುಡುಗಿ. ಆಸ್ಪತ್ರೆಗೆ ಬೇಕಾದಷ್ಟು ಕನ್ನಡ ಕಲಿತಿದ್ದಳು.

"ಅಜ್ಜಾರ, ನೋವು ಐತೇನ್ರಿ?"

"ನೋವು ಇಲ್ಲ ಯವ್ವಾ. ನೀ ಯಾವೂರಾಕಿ?"

"ಅರುಣಾಚಲ ರೀ. ರೂಪಾ ಅಂತ ಊರ್ರಿ."

ನಾನು ಹಿಡಿದಿದ್ದ ಲೋಟ ಕೆಳಗಿಟ್ಟೆ. ಅಪ್ಪನ ಮುಖ ಅರಳಿತು. "ರೂಪಾ! ಯವ್ವಾ, ನಮ್ಮ ಮಗಳು ನಿಮ್ಮ ಭಾಷಾದಾಗ ದೊಡ್ಡ ಪಂಡಿತ ಅದಾಳ! ಪೇಪರನ್ಯಾಗ ಬಂದೈತಿ. ಮಾತಾಡವಾ, ಈಕಿ ಜೋಡಿ ಈಕಿ ಭಾಷಾದಾಗ ಮಾತಾಡು" ಎಂದು ನನ್ನ ಕಡೆ ಹೊರಳಿದ.

ವಾರ್ಡಿನ ಎಂಟು ಹಾಸಿಗೆಗಳವರೂ ನಮ್ಮ ಕಡೆ ತಿರುಗಿದರು. ಹುಡುಗಿ ಕಣ್ಣು ದೊಡ್ಡದು ಮಾಡಿ ಕಾಯುತ್ತ ನಿಂತಳು. ಐದು ವರ್ಷ ಆ ಭಾಷೆಯೊಂದಿಗೆ ಹೆಣಗಿದವಳು ನಾನು. ನನಗೆ ಹೇನು ಗೊತ್ತಿತ್ತು, ಬಾಲ ಗೊತ್ತಿತ್ತು, ಮೂಳೆ ಗೊತ್ತಿತ್ತು. ಚೆನ್ನಾಗಿದ್ದೀಯಾ ಎಂದು ಕೇಳುವುದು ಗೊತ್ತಿರಲಿಲ್ಲ. ಏನಾದರೂ ಹೇಳಲೇಬೇಕಿತ್ತು.

"ಖೋ" ಎಂದೆ.

ಅವಳು ಓಡಿ ಹೋಗಿ ಒಂದು ಲೋಟ ನೀರು ತಂದುಕೊಟ್ಟಳು.

ಎಲ್ಲರ ಎದುರು ಆ ನೀರು ಕುಡಿದೆ. ಅಪ್ಪ ಪಕ್ಕದ ಹಾಸಿಗೆಯವನಿಗೆ, "ನೋಡಿದ್ರೇನು?" ಎಂದ. ನನ್ನ ಇಡೀ ಸಂಶೋಧನೆಯಲ್ಲಿ ಆ ಭಾಷೆ ಆಡುವ ಒಬ್ಬರಿಗೆ ಅರ್ಥವಾದ ಮೊದಲ ಮಾತು ಅದೇ.

ಮರುದಿನ ಅವಳಿಗೆ ಬಿಡುವಿದ್ದಾಗ ಟೇಪು, ಕಾರ್ಡುಗಳ ಡಬ್ಬಿ ಒಯ್ದೆ. ಹಿಂದಿಯಲ್ಲಿ ಮಾತಾಡಿಕೊಂಡೆವು. ಆಸ್ಪತ್ರೆಯ ಹಿಂದಿನ ಬೇವಿನ ಮರದ ಕಟ್ಟೆಯ ಮೇಲೆ ಕೂತು ಕಾಕಾನ ದನಿ ಹಾಕಿದೆ. ಮೊದಲ ನಿಮಿಷ ಅವಳು ಕಿವಿಗೊಟ್ಟು ಕೇಳಿದಳು, ಎರಡನೆಯ ನಿಮಿಷಕ್ಕೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗತೊಡಗಿದಳು. ಏನೆಂದು ಕೇಳಿದೆ. ನಗು ತಡೆದು, "ಇದು ನಮ್ಮದು. ಇದು ನಮ್ಮದಲ್ಲ, ಬುಗುನ್‌ನವರದು. ಇದೂ ಅವರದೇ. ಇದು ನಮ್ಮದು, ಆದರೆ ಈ ಅಜ್ಜ ಇದನ್ನು ಬುಗುನ್ ಮುದುಕಿಯರ ಹಾಗೆ ಹೇಳುತ್ತಾನೆ" ಎಂದಳು.

ಪೆನ್ನು ಕೊಟ್ಟೆ. ಅವಳು ಒಂದೊಂದೇ ಕಾರ್ಡು ತಿರುವಿ, ತಮ್ಮದಕ್ಕೆ ಸೊನ್ನೆ, ನೆರೆಯವರದಕ್ಕೆ ಗೀಟು ಹಾಕುತ್ತ ಹೋದಳು. ಕೊನೆಯ ಕಾರ್ಡು ಮುಗಿಯುವ ಮೊದಲೇ ನನಗೆ ಗೊತ್ತಾಗಿತ್ತು. ಬುಗುನ್ ಪುಸ್ತಿಕೆಗೆ ತಾಳೆಯಾಗಿದ್ದ ಶಬ್ದಗಳಿಗೆ ಬಹುತೇಕ ಗೀಟು. ಅಂದರೆ ನಾನು ಬುಗುನ್ ಭಾಷೆಯನ್ನು ಬುಗುನ್ ಭಾಷೆಯ ಜೊತೆ ಹೋಲಿಸಿ, ಅವೆರಡಕ್ಕೂ ಸಂಬಂಧವಿದೆ ಎಂದು ಸಾಬೀತು ಮಾಡಿದ್ದೆ. ನಿಜವಾಗಿ ಎರಡರಲ್ಲೂ ಉಳಿದದ್ದು ಖೋ ಮತ್ತು ಇನ್ನು ಕೆಲವು.

ಎರಡು ವಾರ ಯಾರಿಗೂ ಹೇಳಲಿಲ್ಲ. ಹೇಳದಿದ್ದರೆ ನಡೆಯುತ್ತಿತ್ತು. ಬೆಳಗಾವಿ ಜಿಲ್ಲೆಯಲ್ಲಿ ನನ್ನನ್ನು ತಪ್ಪು ಹಿಡಿಯಬಲ್ಲ ಒಬ್ಬಳೇ ಒಬ್ಬಳು ಹುಡುಗಿ ಇದ್ದಳು, ಅವಳಿಗೆ ಬ್ಯಾಂಡೇಜು ಬದಲಿಸುವ ಕೆಲಸ ಬೇಕಾದಷ್ಟಿತ್ತು. ಬಸ್ಸಿನಲ್ಲಿ ಹುಕ್ಕೇರಿಯಿಂದ ಗೋಕಾಕದವರೆಗೂ ನನ್ನ ಪರವಾಗಿ ವಾದ ಹೂಡುತ್ತಿದ್ದೆ, ತಿರುಗಿ ಬರುವಾಗ ಅದನ್ನೇ ಕೆಡವುತ್ತಿದ್ದೆ. ಕಾಕಾನ ಮೇಲೂ ಸಿಟ್ಟಿತ್ತು. ಕೊನೆಗೆ ಒಂದು ರವಿವಾರ ಆ ಹುಡುಗಿಯನ್ನೂ ಕರೆದುಕೊಂಡು ಯಮಕನಮರಡಿಗೆ ಹೋದೆ. ತಪ್ಪು ಯಾರದೆಂದು ಅವರೆದುರೇ ತೀರ್ಮಾನವಾಗಲಿ ಎಂಬುದು ನನ್ನ ಮನಸ್ಸಿನಲ್ಲಿದ್ದ ಸಣ್ಣತನ.

ಕಾಕಾ ಚಪ್ಪರದ ಕೆಳಗೆ ಟ್ಯೂಬು ನೀರಲ್ಲಿ ಅದ್ದಿ ತೂತು ಹುಡುಕುತ್ತಿದ್ದರು. ತಲೆಯೆತ್ತಿ ಹುಡುಗಿಯ ಮುಖ ನೋಡಿದವರು ಟ್ಯೂಬು ಬಿಟ್ಟರು. ಏನೋ ಕೇಳಿದರು. ಅವಳು ಏನೋ ಹೇಳಿದಳು. ಅವರು ಮತ್ತೆ ಕೇಳಿದರು. ಅವಳು ಈ ಸಲ ನಗಲಿಲ್ಲ. ಇಬ್ಬರೂ ಅಲ್ಲಿಯೇ ನಿಂತು ಮಾತಿಗೆ ಮಾತು ಸೇರಿಸತೊಡಗಿದರು. ಅವರ ಮಾತಿನಲ್ಲಿ ನನಗೆ ಒಂದು ಹೇನೂ, ಒಂದು ಬಾಲವೂ ಸಿಗಲಿಲ್ಲ. ಸೊಸೆ ಬಾಗಿಲಿಗೆ ಬಂದು, "ನಮ್ಮ ಮಾಮಾಗ ಇಷ್ಟ ಮಾತ ಬರತಾವಂತ ನಮಗ ಗೊತ್ತಿರಲಿಲ್ಲವಾ" ಎಂದಳು.

ಚಹಾ ಆದ ಮೇಲೆ ಕೇಳಿದೆ. "ಕಾಕಾ, ನೀವು ಹೇಳಿದ್ದ ಮಾತು ಎರಡು ಭಾಷಾದೂವಂತ. ಬುಗುನ್ ಅವರವೂ ಅದಾವ, ರೂಪಾದವರವೂ ಅದಾವ. ಯಾಕ ಹೇಳಲಿಲ್ರಿ ನನಗ?"

ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ನೀವು ಕೇಳಲಿಲ್ಲಲ್ರಿ. ಮೊದಲ ವರ್ಷ ಗುಡ್ಡ ಕುಸದು ನನ್ನ ಲಾರಿ ಕೆಳಗ ಹ್ವಾತು. ಕಾಲು ಮುರದಿತ್ತು, ರಸ್ತಾ ಬಂದ್ ಆಗಿತ್ತು. ಬುಗುನ್ ಅವರ ಒಬ್ಬಾಕಿ ಮುದುಕಿ ತನ್ನ ಮನ್ಯಾಗ ಇಟಗೊಂಡಳು. ಮೆಕ್ಕೆಜೋಳದ ಗಂಜಿ ಹಾಕಿದಳು. ಆಕಿಗೆ ಹಿಂದಿ ಬರ್ತಿರಲಿಲ್ಲ, ನನಗ ಆಕಿ ಮಾತ ಬರ್ತಿರಲಿಲ್ಲ. ಬಿದ್ದಲ್ಲೇ ಕಲತೆ. ಆಮ್ಯಾಲೆ ರೂಪಾಕ ಹೋಗಾಕ ಬರಾಕ ಶುರು ಮಾಡಿದೆ, ಅಲ್ಲೀ ಮಾತೂ ಬಂದುವು. ಇದು ಇವರದು, ಅದು ಅವರದು ಅಂತ ಗೆರಿ ಎಲ್ಲೈತಿ ಅಂತ ಯಾರೂ ತೋರಸಲಿಲ್ರಿ. ನಾ ಹೇಳಿದ್ದು ಅವರಿಗೂ ತಿಳೀತಿತ್ತು, ಇವರಿಗೂ ತಿಳೀತಿತ್ತು."

ಟ್ಯೂಬನ್ನು ಮತ್ತೆ ಕೈಗೆತ್ತಿಕೊಳ್ಳುತ್ತ ಕೇಳಿದರು, "ನಿಮ್ಮ ಕೆಲಸ ಕೆಟ್ಟತೇನ್ರಿ ಬಾಯಾರ?"

"ಕೆಟ್ಟತ್ರಿ ಕಾಕಾ" ಎಂದೆ. ಹೇಳಿದ ಮೇಲೆ ಸಿಟ್ಟು ಉಳಿಯಲಿಲ್ಲ. ಅವರ ಮಾತಿನಲ್ಲಿ ತಪ್ಪು ಹುಡುಕಲು ಎರಡು ವಾರದಿಂದ ಹೊಂಚುತ್ತಿದ್ದವಳಿಗೆ ನಾಚಿಕೆಯಷ್ಟೇ ಉಳಿಯಿತು.

ಗುರುಗಳಿಗೆ ಎಲ್ಲವನ್ನೂ ಬರೆದೆ. ಅವರು ಒಂದು ಅಡಿಟಿಪ್ಪಣಿ ಹಾಕಿ ಮುಗಿಸೋಣ ಎಂದರು. ನಾನು ಆ ಅಧ್ಯಾಯವನ್ನೇ ತೆಗೆದೆ. ತೆಗೆದದ್ದು ಧೈರ್ಯದಿಂದ ಎಂದು ಹೇಳಿಕೊಳ್ಳಲಾರೆ. ವಾರ್ಡಿನ ಆ ಲೋಟದ ನೀರು ನೆನಪಾದಾಗಲೆಲ್ಲ ಆ ಪುಟಗಳನ್ನು ಓದಲು ಆಗುತ್ತಿರಲಿಲ್ಲ, ಅಷ್ಟೇ. ಪತ್ರಿಕೆಯ ಕಚೇರಿಗೆ ಹೋಗಿ ತಿದ್ದುಪಡಿ ಹಾಕಿ ಎಂದೆ. "ಪತ್ತೆ ಹಚ್ಚಿದ್ದು ಸುದ್ದಿ ಆಗತೈತ್ರಿ ಮೇಡಂ, ಹಚ್ಚಲಿಲ್ಲ ಅನ್ನೂದು ಹೆಂಗ ಸುದ್ದಿ ಆದೀತು?" ಎಂದು ಕೇಳಿದರು. ಪ್ರಾಚಾರ್ಯರ ಕೋಣೆಯಲ್ಲಿ ಆ ಫೋಟೋ ಕಟ್ಟು ಹಾಕಿಸಿಕೊಂಡು ಗೋಡೆಯ ಮೇಲೇ ಉಳಿಯಿತು.

ಹುಡುಗಿಯ ತರಬೇತಿ ಇನ್ನೂ ಒಂದು ವರ್ಷ ಇತ್ತು. ರಜೆಯ ದಿನ ಹುಕ್ಕೇರಿಗೆ ಬರುತ್ತಿದ್ದಳು. ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ, ನನ್ನ ನೂರು ಶಬ್ದಗಳನ್ನು ಮೊದಲಿನಿಂದ ಹೇಳಿದಳು. ಕಾಕಾ ಹೇಳಲಾರದೆ ಬಿಟ್ಟಿದ್ದ ಶಬ್ದವನ್ನೂ ಹೇಳಿದಳು. ಈ ಸಲ ನಾನು ಊರು, ಮನೆ, ಅಜ್ಜಿಯ ತವರು ಎಲ್ಲವನ್ನೂ ಕೇಳಿ ಬರೆದುಕೊಂಡೆ. ಬಂದ ಫಲಿತಾಂಶ ಬಡವಾಗಿತ್ತು. ಎರಡು ಭಾಷೆಗಳಿಗೂ ಸಂಬಂಧ ಇರುವಂತೆ ಕಾಣುತ್ತದೆ, ಆದರೆ ಅದು ಒಡಹುಟ್ಟಿನದೋ ನೆರೆಹೊರೆಯದೋ ಇಷ್ಟರಿಂದ ಹೇಳಲಾಗದು. ಮೌಖಿಕ ಪರೀಕ್ಷೆಗೆ ಬಂದವರು ಕನ್ನಡಕ ತೆಗೆದು, "ಹೇಳಲಾಗದು ಎಂದು ಹೇಳಲು ಇಷ್ಟು ವರ್ಷ ಬೇಕಾಯಿತೇ?" ಎಂದರು. ಹೌದು ಎಂದೆ. ಪದವಿ ಕೊಟ್ಟರು. ಅಷ್ಟರಲ್ಲಿ ಹೊರದೇಶದ ವಿದ್ವಾಂಸರು, ನೀರು ಮತ್ತು ಬೆಂಕಿಯ ಹಳೆಯ ರೂಪಗಳನ್ನೇ ಜೋಡಿಸಿ, ಆ ಸಣ್ಣ ಗುಂಪಿಗೆ ಖೋ-ಬ್ವಾ ಎಂದು ಹೆಸರಿಟ್ಟಿದ್ದರು. ಅವರ ಬಳಿ ಒಳ್ಳೆಯ ಆಧಾರಗಳಿದ್ದವು. ಅಂದರೆ ಹಿಂದೆ ನನಗೆ ಶಾಲು ತಂದುಕೊಟ್ಟ ಮಾತು ಸರಿಯೂ ಇರಬಹುದು. ಗುಂಪು ನಿಜವೋ ಅಲ್ಲವೋ ಎಂಬ ವಾದ ಮಾತ್ರ ಅವರಲ್ಲೂ ಮುಗಿದಿರಲಿಲ್ಲ.

ಹುಡುಗಿ ಊರಿಗೆ ಮರಳಿದ ಕೆಲವು ತಿಂಗಳಿಗೆ ಅವಳಿಂದ ನನಗೆ ಹಿಂದಿಯಲ್ಲಿ ಒಂದು ಕಾಗದ ಬಂತು. ಅದರಲ್ಲಿ ಕಾಕಾನಿಗೆ ಓದಿ ಹೇಳಬೇಕಾದ ಒಂದು ಪುಟವಿತ್ತು. ಒಯ್ದು ಚಪ್ಪರದ ಕೆಳಗೆ ಓದಿದೆ. ಬುಗುನ್ ಊರಿಗೆ ಹೋಗಿ ಅವಳು ಆ ಮನೆ ಹುಡುಕಿದ್ದಳು. ಮುದುಕಿ ತೀರಿಹೋಗಿ ಬಹಳ ವರ್ಷವಾಗಿತ್ತು. ಮಗನಿದ್ದ, ಕಾಲು ಮುರಿದ ಡ್ರೈವರನ ನೆನಪು ಅವನಿಗಿತ್ತು. ಕೆಂಪು ಮೆಣಸಿನಕಾಯಿ ಉಪ್ಪು ಹಾಕಿ ಅರೆದಿಡುವುದನ್ನು ಆ ಡ್ರೈವರ್ ಅವನ ತಾಯಿಗೆ ತೋರಿಸಿಕೊಟ್ಟಿದ್ದನಂತೆ. ಈಗಲೂ ಅವರ ಮನೆಯಲ್ಲಿ ಅದನ್ನು ನಮ್ಮ ಕಡೆಯವರಂತೆಯೇ 'ರಂಜಕಾ' ಎನ್ನುತ್ತಾರೆ, ಇದು ಯಾವ ಭಾಷೆ ಎಂದು ಅವಳು ಕೇಳಿದರೆ, ತಮ್ಮದೇ ಎಂದರಂತೆ.

ಕಾಕಾ ಆ ಸಾಲನ್ನು ಎರಡು ಸಲ ಓದಿಸಿದರು. ಕೈಗೆ ಹತ್ತಿದ್ದ ಗ್ರೀಸನ್ನು ಬಟ್ಟೆಗೆ ಒರೆಸಿಕೊಂಡರು.

"ಅದಕ್ಕ ಬಳ್ಳೊಳ್ಳಿ, ನಿಂಬಿಹಣ್ಣು ಹಾಕತಾರೋ ಇಲ್ಲೋ, ಕೇಳ್ರಿ ಬಾಯಾರ. ಅವಾಗ ಅಲ್ಲಿ ನಿಂಬಿಹಣ್ಣು ಸಿಕ್ಕಿರಲಿಲ್ಲ" ಎಂದರು.

ಅಂದೇ ಸಂಜೆ ಕೂತು ಹುಡುಗಿಗೆ ಕಾಗದ ಬರೆದು, ಅದನ್ನು ಕೇಳಿದೆ.